ಲಾಭ, ಎರಡು, ಮೂರು

ನವೆಂಬರಿನಲ್ಲೇ ಕೂತು ಬರೆದಿದ್ದೆವು ಎಲ್ಲ,
ಸೊಹಾರಿನ ಆಫೀಸಿನ ಮೂರನೇ ಮಹಡಿಯಲ್ಲಿ
ನಾನೂ ಬುಥೈನಾಳೂ, ನಡುವೆ ಒಂದು ಫ್ಲಾಸ್ಕು ಕಹ್ವಾ,
ಎದುರಿಗೆ ಪೈಪು, ನಲ್ಲಿ ಮಾರುವ ಕಂಪನಿಯ
ಹೋದ ವರ್ಷದ ಲೆಕ್ಕ.

ಮೊದಲು ಒಂದು ಗೆರೆ ಎಳೆಯಬೇಕು.
ಇಷ್ಟು ರಿಯಾಲಿನೊಳಗಿನ ತಪ್ಪು, ತಪ್ಪಲ್ಲ,
ಯಾರ ನಿದ್ದೆಯನ್ನೂ ಕೆಡಿಸುವುದಿಲ್ಲ.
ಹನ್ನೆರಡು ಸಾವಿರ ಎಂದೆ.
ನನ್ನ ವರ್ಷದ ಸಂಬಳಕ್ಕಿಂತ ಹೆಚ್ಚಾಯಿತಲ್ಲ, ಎಂದು ನಕ್ಕಳು.
ನನ್ನದಕ್ಕಿಂತಲೂ, ಎನ್ನಲಿಲ್ಲ ನಾನು.

ಒಂದಗುಳು ಹಿಸುಕಿ ನೋಡಿದರೆ ಸಾಕು
ಎಂಬ ಮಾತು ನಾಲ್ಕು ಜನರ ಪಾತ್ರೆಗೆ ಸರಿ.
ಇದು ಮದುವೆಮನೆಯ ಹಂಡೆ:
ತಳ ಸೀದಿರುತ್ತದೆ, ಮೇಲೆ ಇನ್ನೂ ಅಕ್ಕಿ.
ಅದಕ್ಕೇ ದೊಡ್ಡ ಬಿಲ್ಲುಗಳು ಅಷ್ಟೂ,
ಸಣ್ಣವು ನಲವತ್ತಕ್ಕೊಂದು,
ಡಿಸೆಂಬರಿನ ಕೊನೆಯ ಐದು ದಿನ, ಜನವರಿಯ ಮೊದಲೈದು
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು.
ಮಾರಾಟಗಳು ಗೋಡೆ ಹಾರುವುದು ಆಗಲೇ.

ಬಾಕಿದಾರರಿಗೆ ಕಾಗದ.
ಉತ್ತರ ಬಾರದಿದ್ದರೆ?
ಮೌನವನ್ನು ಸಮ್ಮತಿ ಎನ್ನಲು ನಮ್ಮ ಶಾಸ್ತ್ರದಲ್ಲೂ ಎಡೆಯಿದೆ,
ಆದರೆ ಷರತ್ತುಗಳು ಎಷ್ಟೆಂದರೆ
ಇನ್ನೊಂದು ಕಾಗದ ಬರೆಯುವುದೇ ಸುಲಭ.

ಆಮೇಲೆ ದಿಕ್ಕು. ಬುಥೈನಾಗೆ ಇದೇ ತೊಡಕು.
ಪುಸ್ತಕದಿಂದ ಗೋದಾಮಿಗೆ ನಡೆದರೆ
ಬರೆದದ್ದು ಇದೆಯೇ ಎಂದು ತಿಳಿಯುತ್ತದೆ.
ಗೋದಾಮಿನಿಂದ ಪುಸ್ತಕಕ್ಕೆ ನಡೆದರೆ
ಇರುವುದನ್ನೆಲ್ಲ ಬರೆದಿದ್ದಾರೆಯೇ ಎಂದು.
ದಾರಿ ಅದೇ ಅಲ್ಲವೇ, ಎಂದಳು.
ಹೋಗುವಾಗ ಕಾಣದ ಮರ ಬರುವಾಗ ಕಾಣುತ್ತದಲ್ಲ, ಹಾಗೆ, ಎಂದೆ.
ಒಪ್ಪಿದಂತೆ ಕಾಣಲಿಲ್ಲ.

ಸಂಬಳದ ಪಟ್ಟಿಗೆ ಬರುವಾಗ ಮಧ್ಯಾಹ್ನದ ಬಾಂಗು.
ಅವಳು ಎದ್ದು ಹೋದಳು. ನಾನೊಬ್ಬಳೇ ಟೈಪಿಸಿದೆ:
ಅಪಾಯ, ಕಡಿಮೆ. ದಿಕ್ಕು, ಒಂದೇ.
ಪಟ್ಟಿಯಿಂದ ಹತ್ತು ಹೆಸರು ಆರಿಸು, ಹತ್ತು ಮುಖ ನೋಡು.
ಹೆಸರಿದ್ದು ಮುಖವಿಲ್ಲದವರನ್ನು ಹುಡುಕುವುದು ವಾಡಿಕೆ.
ಮುಖವಿದ್ದು ಹೆಸರಿಲ್ಲದವರಿಂದ
ಯಾರಿಗೇನು ನಷ್ಟ?

ಡಿಸೆಂಬರ್ ಮೂವತ್ತೊಂದು. ಊರಾಚೆ ಗೋದಾಮು,
ತಗಡಿನ ಮೇಲೆ ಸಮುದ್ರದ ಗಾಳಿ.
ಮೂರಿಂಚಿನ ಎಲ್ಬೋಗಳ ಸಾಲಿನ ಹಿಂದೆ
ಟಾರ್ಚು ಹಿಡಿದು ಡಬ್ಬ ಇಳಿಸುತ್ತಿದ್ದವನು
ತನ್ನಷ್ಟಕ್ಕೆ ಎಣಿಸುತ್ತಿದ್ದ:
ಲಾಭ, ಎರಡು, ಮೂರು...

ನನ್ನ ಪೆನ್ನು ನಿಂತಿತು.
ಒಂದನ್ನು ಒಂದೆನ್ನದೆ ಲಾಭವೆಂದು ಅಳೆದದ್ದನ್ನು
ನಾನು ಕೊನೆಗೆ ಕೇಳಿದ್ದು ಹಾವೇರಿಯ ದಲಾಲಿ ಅಂಗಡಿಯಲ್ಲಿ,
ಫ್ರಾಕಿನ ವಯಸ್ಸಿನಲ್ಲಿ.

ಯಾವೂರು?
ಬೆಳಕು ನನ್ನ ಮುಖಕ್ಕೆ ತಿರುಗಿ, ನಾಚಿ, ನೆಲಕ್ಕಿಳಿಯಿತು.
ತಾವರಗೇರಾ ರೀ. ಮರ್ದಾನಸಾಬ.

ಎಂಟುನೂರ ಹನ್ನೆರಡು ಬಂತು. ಪುಸ್ತಕದಲ್ಲೂ ಅಷ್ಟೇ.
ರಾತ್ರಿಯೆಲ್ಲ ಅವನ ಲೆಕ್ಕ ಒಂದೂ ತಪ್ಪಲಿಲ್ಲ.
ಎಣಿಸಿದವರು ಎಂಬಲ್ಲಿ ಸಹಿ ಮಾಡಿ ಅಂದೆ, ಹಾಳೆ ಚಾಚಿದೆ.
ಹಿಡಿದುಕೊಂಡ. ನೋಡಿದ. ವಾಪಸು ಕೊಟ್ಟ.

ಅಕ್ಕಾರ, ನನ್ನ ಹೆಸರು ಬರೀಬ್ಯಾಡ್ರಿ.
ಬರದ್ರ ನಾ ಇಲ್ಲಿ ಇರಾಂಗಿಲ್ಲ.

ಮೂರು ವರ್ಷವಾಯಿತಂತೆ. ಎಷ್ಟು ಕೊಡುತ್ತಾರೆ ಎಂದು ಕೇಳಿದೆ.
ಹೇಳಿದ. ಮನಸ್ಸಿನಲ್ಲೇ ಗುಣಿಸಿದೆ, ಕಸುಬಿನ ಚಾಳಿ.
ಮೂರು ವರ್ಷದ್ದು ಕೂಡಿದರೂ
ನಾನೆಳೆದ ಗೆರೆಯ ಅರ್ಧಕ್ಕೂ ಬರಲಿಲ್ಲ.

ಆಫೀಸಿಗೆ ಬಂದು ಸಂಬಳದ ಹಾಳೆ ತೆರೆದೆ.
ದಿಕ್ಕು, ಎರಡೂ, ಎಂದು ತಿದ್ದಿದೆ.
ಅಳಿಸಿದೆ. ಮತ್ತೆ ತಿದ್ದಿದೆ.
ಕಾರಣವೇನು, ಗಂಟೆಗಳು ಎಲ್ಲಿಂದ, ಎಂದು ಮ್ಯಾನೇಜರ್ ವಿಜೇಸೂರ್ಯ
ಕೇಳಿಯೇ ಕೇಳುತ್ತಾರೆ.
ನಾನು ಸತ್ಯ ಹೇಳಿದರೆ ಒಂದು ಮುಖ ಕಡಿಮೆಯಾಗುತ್ತದೆ,
ಸುಮ್ಮನಿದ್ದರೆ ಒಂದು ಹೆಸರು.

ಎಣಿಕೆಯ ಹಾಳೆಗಳನ್ನು ಬುಥೈನಾ ಫೈಲಿಗೆ ಸೇರಿಸುತ್ತಿದ್ದಳು.
ಇದು ಕೊಳೆಯಾಗಿದೆ, ಹೊಸದು ಬರೆಯಲೇ, ಎಂದಳು.
ಸಹಿಯ ಜಾಗದಲ್ಲಿ ಗ್ರೀಸಿನ ಹೆಬ್ಬೆಟ್ಟು,
ಅವನು ಹಾಳೆ ಹಿಡಿದುಕೊಂಡಿದ್ದಲ್ಲಿ.

ಬೇಡ, ಎಂದೆ. ಹಾಗೇ ಇರಲಿ.
ಹತ್ತು ವರ್ಷ ಇಡುವುದು ನಮ್ಮಲ್ಲಿ ಪದ್ಧತಿ.