ಲೈನು ಚೆನ್ನಾಗಿದೆ

ನಾನಿರುವ ಊರು ಹಲ್.
ಅಕ್ಕನಿಗೆ ಮೊದಲ ಸಲ ಹೇಳಿದಾಗ
"ಹಲ್ಲಿಗೇನಾತು?" ಅಂದಿದ್ದಳು.

ಆರೈಕೆ ಮನೆ, ರಾತ್ರಿ ಪಾಳಿ, ಮೂರೂ ಹತ್ತು.
ಹೀಟರಿನ ಮೇಲೆ ಯಾರದೋ ಕಾಲುಚೀಲ ಒಣಗುತ್ತಿದೆ.
ಹದಿನಾಲ್ಕನೇ ಕೋಣೆಯಲ್ಲಿ ದೀಪ.
ಮ್ಯೂರಿಯಲ್ ಸ್ಟ್ಯಾಥರ್ಸ್, ತೊಂಬತ್ತೊಂದು,
ಎದ್ದು ಕೂತು ಎಂದಿನಂತೆ ಕೇಳುತ್ತಾಳೆ:
"ಹಂಬರಿಗೆ ನೀರು ಏರುವುದು ಎಷ್ಟು ಗಂಟೆಗೆ, ಶ್ಯಾರನ್?"

ನಾನು ಶರಣಮ್ಮ. ಸೇಡಂ ಕಡೆಯವಳು.
ಬಿಲ್ಲೆ ಅಚ್ಚು ಹಾಕಿದವನ ಬೆರಳು
ಮೊದಲ ದಿನವೇ ಅರ್ಧದಾರಿಗೆ ಸೋತಿತು;
ಅಂದಿನಿಂದ ಈ ಮಹಡಿಯಲ್ಲಿ
ಯಾರು ಶ್ಯಾರನ್ ಎಂದರೂ ತಿರುಗುವ ಕತ್ತು ನನ್ನದೇ.

ಫೋನು ತೆಗೆದೆ. ವೈಫೈ ಗೆರೆಗಳೆಲ್ಲ ತುಂಬಿವೆ.
ಉಬ್ಬರದ ಪುಟ ಕೇಳಿದರೆ
ಬಿಳಿ ಪರದೆ, ಒಂದು ಬೂದು ಸಾಲು:
ಈ ಹೆಸರಿನ ವಿಳಾಸ ಸಿಗಲಿಲ್ಲ.

ಬೇರೆ ಹೆಸರು ಕೊಟ್ಟೆ. ಸಿಗಲಿಲ್ಲ.
ಬ್ಯಾಂಕು? ಸಿಗಲಿಲ್ಲ. ಬೆಳಗಿನ ಬಸ್ಸು? ಊಹೂಂ.
ವಿಮಾನದ ಗುರುತು ಒತ್ತಿ, ಹತ್ತು ಎಣಿಸಿ, ಬಿಟ್ಟೆ.
ಫೋನು ಆರಿಸಿ ಹೊತ್ತಿಸಿದೆ.
ವೈಫೈಯನ್ನು ಮರೆತುಬಿಡು ಅಂದೆ, ಅದು ಮರೆತೇಬಿಟ್ಟಿತು;
ಪಾಸ್‌ವರ್ಡಿನ ಚೀಟಿಗೆ ಅಡುಗೆಮನೆಯೆಲ್ಲ ತಡಕಿ
ಟೀ ಡಬ್ಬದ ಹಿಂದಿನಿಂದ ಎತ್ತಿಕೊಂಡು ಬಂದೆ.
ಅದೇ ಬೂದು ಸಾಲು.
ವೈಫೈ ಬಿಟ್ಟು ಸಿಮ್ಮಿನ ದಾರಿ ಹಿಡಿದೆ. ಅಲ್ಲೂ ಅದೇ.
ರೂಟರಿಗೆ ಬೈದದ್ದನ್ನು
ಮನಸ್ಸಿನಲ್ಲೇ ವಾಪಸ್ಸು ತೆಗೆದುಕೊಂಡೆ.

ಮ್ಯೂರಿಯಲ್ ಕನ್ನಡಕ ಏರಿಸಿದಳು.
ಇಪ್ಪತ್ತಾರು ವರ್ಷ ಈ ಊರಿನ ಎಕ್ಸ್‌ಚೇಂಜಿನಲ್ಲಿ
ಕಿವಿಗೆ ಹೆಡ್‌ಸೆಟ್ಟು, ಕೈಯಲ್ಲಿ ಚುಚ್ಚುವ ತಂತಿ;
ದೇಶಕ್ಕೆಲ್ಲ ಕೆಂಪು ಫೋನ್ ಗೂಡಾದರೆ
ತಮ್ಮೂರಿಗೆ ಕೆನೆ ಬಣ್ಣದ್ದು ಎಂಬ ಹಮ್ಮು ಇನ್ನೂ ಇಳಿದಿಲ್ಲ.
"ನಂಬರ್ ಕೊಟ್ಟು ನೋಡಿದೆಯಾ?" ಅಂದಳು.
"ಹೆಸರು ಬೇಡ. ನೇರ ನಂಬರ್."

ಒಂದು ಚುಕ್ಕೆ ಒಂದು ಚುಕ್ಕೆ ಒಂದು ಚುಕ್ಕೆ ಒಂದು.
ಎಳೆ ಎಳೆಯದೆ ಬಿಟ್ಟ ರಂಗೋಲಿಯ ಹಾಗೆ ಒತ್ತಿದೆ.
ತೆರೆಯಿತು! ಯಾವುದೋ ಕಂಪನಿಯ ಪುಟ,
ನನಗೆ ಬೇಕಿಲ್ಲದ್ದು, ಆದರೂ ತೆರೆಯಿತು.

"ನೋಡು, ಲೈನು ಚೆನ್ನಾಗಿದೆ.
ವಿಚಾರಣೆ ಮೇಜಿನವಳು ನಿದ್ದೆ ಹೋಗಿದ್ದಾಳೆ.
ನಮ್ಮಲ್ಲೂ ಒಬ್ಬಳಿದ್ದಳು, ಬೆರಿಲ್ ಅಂತ.
ಮೀನಿನಂಗಡಿ ಕೇಳಿದವರಿಗೆ
ಹೆಣದ ಪೆಟ್ಟಿಗೆಯವನನ್ನು ಕೊಡುತ್ತಿದ್ದಳು.
ನಿನ್ನ ಫೋನಿನ ಬೆರಿಲ್ ಯಾರು?"

ಯಾರು? ಸೆಟ್ಟಿಂಗಿನೊಳಗೆ ಸೆಟ್ಟಿಂಗು, ಅದರೊಳಗೆ ಇನ್ನೊಂದು,
ಈರುಳ್ಳಿ ಸುಲಿಯುತ್ತ ಹೋದೆ. ತಳದಲ್ಲಿ
ಪ್ರೈವೇಟ್ ಡಿಎನ್‌ಎಸ್ ಎಂಬಲ್ಲಿ ಒಂದು ಉದ್ದನೆಯ ಹೆಸರು.
ನಾನೇ ಬರೆದದ್ದು.
ಕಳೆದ ಚಳಿಯಲ್ಲಿ, ಜಾಹೀರಾತಿನ ಕಾಟ ತಾಳದೆ,
ಯಾರೋ ಪುಕ್ಕಟೆ ಕೊಟ್ಟ ಕಾವಲುಗಾರ.
ಅವನು ಅಂಗಡಿ ಮುಚ್ಚಿ ಹೋಗಿದ್ದಾನೆ.
ನನ್ನ ಫೋನು, ನಿಯತ್ತಿನ ಕತ್ತೆ,
ಒಂದೊಂದು ಹೆಸರನ್ನೂ ಹೊತ್ತು ಅದೇ ಮುಚ್ಚಿದ ಬಾಗಿಲಿಗೆ ಹೋಗಿ
ನಿಂತು ನಿಂತು ಬರುತ್ತಿತ್ತು.
ಕಂಕುಳಲ್ಲಿ ಕೂಸು, ನಾನು ಹುಡುಕಿದ್ದು ಊರೆಲ್ಲ.

ಅಳಿಸಿದೆ. ಆಟೋಮ್ಯಾಟಿಕ್ ಎಂದು ಒತ್ತಿದೆ. ಅಷ್ಟೇ.

ಹೆಸರುಗಳು ಬಂದವು, ಬೆನ್ನಿಗೇ ಜಾಹೀರಾತು:
ಮೆಟ್ಟಿಲೇರುವ ಕುರ್ಚಿ, ಹಲ್ಲು ಬೆಳ್ಳಗಾಗಿಸುವ ಪುಡಿ,
ಶವಸಂಸ್ಕಾರಕ್ಕೆ ಸುಲಭ ಕಂತು.
ಎಲ್ಲದರ ಕೆಳಗೆ, ಸಣ್ಣ ಅಕ್ಷರದಲ್ಲಿ, ಉಬ್ಬರ.

"ನಾಲ್ಕೂ ಇಪ್ಪತ್ತು," ಅಂದೆ.
ಟ್ರಾಲರುಗಳು ಬಾರದ ಹಡಗುಕಟ್ಟೆಯ ಕಡೆ ಮುಖ ಮಾಡಿ
ಆಕೆ ತಲೆಯಾಡಿಸಿದಳು,
ಎರಡು ದನಿ ಕೂಡಿಸಿ
ನಡುವಿನಿಂದ ಸರಿದುಕೊಳ್ಳುವವಳ ಹಾಗೆ.

ಆಮೇಲೆ ನನ್ನ ಬಿಲ್ಲೆ ನೋಡಿ:
"ಶ್ಯಾರನ್ ನಿನ್ನ ಹೆಸರಲ್ಲ, ಅಲ್ಲವೇ? ಇದೂ ಬೆರಿಲ್ ಕೆಲಸ."
ಹೇಳಿದೆ. ಒಂದು ಸಲ ಶರಾನಾ, ಒಂದು ಸಲ ಶಾರಮಾ.
ಮೂರನೆಯದರ ನಡುವೆ ನಿದ್ದೆ ಬಂದುಬಿಟ್ಟಿತು.

ದೀಪ ಆರಿಸಿದೆ.
ಚೀಟಿಯನ್ನು ಟೀ ಡಬ್ಬದ ಹಿಂದೆ ಇಟ್ಟು ಬಂದೆ.