ಶುದ್ಧಪ್ರತಿ

ಬರೆದದ್ದು ನಾನೇ. ಹನ್ನೊಂದು ಹಾಳೆ,
ಒಂದೂ ಚಿತ್ತಿಲ್ಲ.
ನಮ್ಮ ಸಂಸ್ಥಾನ ಅಂದರೆ ಎಷ್ಟು? ಮೂರು ಪೇಟೆ, ಒಂದು ಉಪ್ಪಿನ ಗಣಿ,
ಕುದುರೆ ಬೆವರುವುದರೊಳಗೆ ಗಡಿ ಬಂದುಬಿಡುವ ನೆಲ.
ಅದನ್ನು ಬರ್ಲಿನ್ನಿನ ಕೈಗಿಡುವ ಕರಾರು
ನನ್ನ ದುಂಡು ಅಕ್ಷರದಲ್ಲಿ.

ಮಂತ್ರಿ ಲ್ಯೂಡೋಲ್ಫರು ನೋಡುತ್ತ ನಿಂತಿದ್ದರು, ಬೆನ್ನ ಹಿಂದೆ ಕೈ.
ಹೊಸದು ಅಂದರೆ ಅವರಿಗೆ ಮೈಯೆಲ್ಲ ತುರಿಕೆ:
ಉಕ್ಕಿನ ನಿಬ್ಬು ಬೇಡ, ಹೆಬ್ಬಾತಿನ ಗರಿಯೇ ಆಗಬೇಕು;
ಗ್ಯಾಸಿನ ದೀಪ ಬೇಡ;
ರೈಲು ಹತ್ತಿದ್ದು ಒಮ್ಮೆ, ಅದೂ ತೀರಿಹೋದ ದೊರೆಸಾನಿಯ ಪೆಟ್ಟಿಗೆಯ ಜೊತೆ.
ಇಂಥವರು
ಇಷ್ಟು ಹೊಸ ದೇಶವೊಂದನ್ನು
ನೀರು ಕುಡಿದಷ್ಟು ಸಲೀಸಾಗಿ ಕಟ್ಟಿಕೊಟ್ಟರು.

“ಮೇಲಿನಿಂದ ನಾವೇ ಕೊಡದಿದ್ದರೆ, ಕ್ರಾಯ್ಸೆಲ್,
ಕೆಳಗಿನಿಂದ ಅವರು ಕಿತ್ತುಕೊಳ್ಳುತ್ತಾರೆ,” ಎಂದರು
ನಶ್ಯ ಏರಿಸುತ್ತ.
ಸೀನು ಬರಲಿಲ್ಲ. ಕಾದರು. ಬರಲೇ ಇಲ್ಲ.

ಆರನೆಯ ಹಾಳೆಯಲ್ಲಿ ಆ ಪದ ಬಂತು, ಜರ್ಮನಿ.
ಕೈ ಗುರುತು ಹಿಡಿಯಿತು.
ಇಪ್ಪತ್ತೊಂದು ವರ್ಷದ ಹಿಂದೆ ಇದೇ ಮೇಜಿನ ಮೇಲೆ
ಇದೇ ಪದ ಬರೆದಿದ್ದೆ, ಇದೇ ಮಂತ್ರಿಯ ರುಜುವಿಗೆ:
ಸದರಿ ಫೋಲ್ಕ್‌ಮಾರ್ ಕ್ರಾಯ್ಸೆಲ್, ಪೀಪಾಯಿ ಕಟ್ಟುವವನು,
ಪೇಟೆಯ ಕಾರಂಜಿ ಕಟ್ಟೆ ಹತ್ತಿ, ಕಪ್ಪು ಕೆಂಪು ಹೊನ್ನಿನ ಬಟ್ಟೆ ಬೀಸಿ,
ಜರ್ಮನಿ ಒಂದೇ ಎಂದು ಕೂಗಿದ ತಪ್ಪಿಗೆ
ಏಳು ವರ್ಷ.
ನನ್ನ ತಮ್ಮ.
ಅಂದೂ ಚಿತ್ತಿರಲಿಲ್ಲ. ಆ ವರ್ಷವೇ ನನಗೆ ಬಡ್ತಿ.

ಶಾಯಿ ಆರಲೆಂದು ಮರಳು ಉದುರಿಸಿದೆ,
ಮಿಕ್ಕ ಮರಳನ್ನು ಡಬ್ಬಿಗೆ ಮರಳಿ ಸುರಿದೆ.
ಮಂತ್ರಿ ರುಜು ಹಾಕಿದರು. ಕೈ ನಡುಗಿತು ಎಂದು ಹೇಳಲಾರೆ;
ಗರಿ ಮೊಂಡಾಗಿತ್ತು, ಅಷ್ಟೇ.
ಆಮೇಲೆ ಕಿಟಕಿಗೆ ಹೋಗಿ, ಗೋಪುರದ ಮೇಲಿನ
ನಮ್ಮ ಪುಟ್ಟ ಬಾವುಟವನ್ನು, ಹಸಿರು, ಮಂಜಿಗೆ ಒದ್ದೆ,
ಬಹಳ ಹೊತ್ತು ನೋಡಿದರು
ಮಗಳನ್ನು ದೊಡ್ಡ ಮನೆಗೆ ಕೊಟ್ಟವರ ಹಾಗೆ.

ಫೋಲ್ಕ್‌ಮಾರ್ ಈಗ ಮಿಲ್ವಾಕಿಯಲ್ಲಿ ಬಿಯರಿಗೆ ಪೀಪಾಯಿ ಕಟ್ಟುತ್ತಾನೆ.
ಆ ದೇಶ ಇನ್ನೂ ಇಲ್ಲದಾಗಲೇ, ಹಟ ಹಿಡಿದು,
ಲಕೋಟೆಯ ಕೊನೆಗೆ ‘ಜರ್ಮನಿ’ ಎಂದೇ ಬರೆಯುತ್ತಿದ್ದ;
ಅಂಚೆಯವರು ಗೊಣಗುತ್ತ ಸಂಸ್ಥಾನ ಸಂಸ್ಥಾನ ಸುತ್ತಿಸಿ
ಹಬ್ಬ ಮುಗಿದ ಮೇಲೆ ತಲುಪಿಸುತ್ತಿದ್ದರು.

ಮೊನ್ನೆಯ ಕಾಗದ ಮಾತ್ರ ಬೇಗ ಬಂತು.
ವಿಳಾಸದ ಕೊನೆಯ ಸಾಲಿನಲ್ಲಿ,
ಪೆನ್ಸಿಲ್ಲಿನಿಂದ ಒತ್ತಿ ಒತ್ತಿ ಬರೆದದ್ದು,
ನಮ್ಮ ಸಂಸ್ಥಾನದ ಹೆಸರು.