ತಣ್ಣನೆ ಕೈ

ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಕ್ಯಾರೆಟ್ಟು ಆರಿಸುವಾಗ
ಅಂಗಡಿಯ ಮುಬೀನಾ ಕೇಳಿದಳು:
ಆರು ಕೆಜಿ ಯಾಕಕ್ಕಾ, ಮೊಲ ಸಾಕಿದೀಯಾ?

ಹಲ್ವಕ್ಕೆ ಅಂದೆ. ಅಷ್ಟಕ್ಕೇ ನಿಲ್ಲಿಸಿದೆ.
ಅದನ್ನು ಉಂಡೆ ಮಾಡಿ, ಚಾಕಲೇಟಿನ ಅಂಗಿ ತೊಡಿಸಿ,
ಟ್ರಫಲ್ ಎಂದು ಕರೆದು
ಒಂದಕ್ಕೆ ಮೂವತ್ತೈದು ರೂಪಾಯಿ ಹಾಕುವವಳಿದ್ದೇನೆ
ಎಂದು ತಕ್ಕಡಿಯ ಮುಂದೆ ಹೇಳುವ ಧೈರ್ಯ ಯಾರಿಗಿದೆ.

ತುರಿದೆ. ಬೆರಳ ತುದಿಯೂ ಒಂದಿಷ್ಟು ಹೋಯಿತು.
ಹಾಲು ಇಂಗುವ ತನಕ ತಿರುವಿದೆ,
ತಳ ಹತ್ತದಂತೆ, ರಟ್ಟೆ ಬಿದ್ದುಹೋಗುವಂತೆ.
ತಟ್ಟೆಯ ಹಲ್ವ ತುಪ್ಪ ಬಿಟ್ಟರೆ ಚಂದ.
ಉಂಡೆಯ ಹಲ್ವ ತುಪ್ಪ ಬಿಟ್ಟರೆ ಕೆಟ್ಟಿತು,
ಬೆವರಿದ ಹಣೆಯ ಕುಂಕುಮದ ಹಾಗೆ
ಚಾಕಲೇಟು ಜಾರುತ್ತದೆ.
ಇಷ್ಟು ಕಲಿಯಲು ಮೂರು ಬಾಣಲೆ ನಾಯಿಗೆ ಹಾಕಿದ್ದೇನೆ,
ನಾಯಿಯೂ ಮೂರನೆಯದನ್ನು ಮೂಸಿ ಬಿಟ್ಟಿತ್ತು.

ನಾಳೆ ಹತ್ತಕ್ಕೆ ನೂರಿಪ್ಪತ್ತು ಬೇಕು,
ಕರೆಂಟ್ ಆಫೀಸಿನಲ್ಲಿ ಯಾರಿಗೋ ನಿವೃತ್ತಿ.
ಸಂಜೆಯಿಂದ ಅವರದೇ ಕರೆಂಟು ಇಲ್ಲ.
ಫ್ರಿಜ್ಜು ಮೂಕ. ನನ್ನದೋ
ಮಾಗಿಯಲ್ಲೂ ಕೆಂಡದಂಥ ಅಂಗೈ.
ಮುಟ್ಟಿದ್ದೆಲ್ಲ ಕೆಸರು.

ಮೇಣದಬತ್ತಿ ಕೇಳಲು ಬಂದರು ಲೂರ್ದಮ್ಮ,
ಹಿಂದಿನ ಮನೆಯವರು,
ದೊಡ್ಡಾಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ
ಇಪ್ಪತ್ತೊಂಬತ್ತು ವರ್ಷ ಆಯಾ.
ಬಟ್ಟಲಿಗೆ ಇಣುಕಿದರು. ನಾನು ಕೇಳುವ ಮೊದಲೇ
ಮೊಣಕೈವರೆಗೆ ಸೋಪು ಹಾಕಿ ತೊಳೆದರು.
ಒಂದು ಚಮಚ ಎತ್ತಿ ಉರುಳಿಸಿದರು.
ನಿಂತಿತು.
ಅಂಗೈಗೆ ಚಾಕಲೇಟು ಸವರಿಕೊಂಡು ಇನ್ನೊಮ್ಮೆ ಉರುಳಿಸಿದರು.
ಅಲ್ಲೇ ಹೆಪ್ಪುಗಟ್ಟಿತು, ಹುಣಸೆಬೀಜದ ಸಿಪ್ಪೆಯಷ್ಟು ತೆಳ್ಳಗೆ.

ನಂದು ಹೆಣದ ಕೈ ಅಂತಿದ್ರು ಕಣವ್ವ, ಎಂದರು.
ಬಸುರಿಯರು ಬೆಚ್ಚುತ್ತಿದ್ದರಂತೆ.
ಕೂಸುಗಳು ಮುಟ್ಟಿದೊಡನೆ ಕಿರುಚುತ್ತಿದ್ದವಂತೆ.
ಕಿರುಚಬೇಕಲ್ಲ ಮತ್ತೆ!
ಅಳದೇ ಇದ್ರೇ ಡಾಕ್ಟ್ರಮ್ಮ ನನ್ನ ಕರೀತಿದ್ದಿದ್ದು.
ಹಾಸನದ ಅರ್ಧ ಊರನ್ನು ಅಳಿಸಿದ್ದು ತಾನೇ ಎಂದರು.
ನಿನ್ನನ್ನೂ, ಎಂದರು.
ನಾನು ಹುಟ್ಟಿದ್ದು ಅರಸೀಕೆರೆಯಲ್ಲಿ, ಅದೂ ಟೆಂಪೋದಲ್ಲಿ.
ಹೇಳಿದರೆ ಕೇಳುವವರಲ್ಲ.

ಮೊಬೈಲಿನ ಬೆಳಕು ಸಾಯುವ ಹೊತ್ತಿಗೆ ಎಪ್ಪತ್ತಾರು.
ಆಮೇಲೆ ಮೇಣದಬತ್ತಿ.
ತೂಕದ ಯಂತ್ರವನ್ನು ಅವರು ಪಕ್ಕಕ್ಕೆ ಸರಿಸಿದರು,
ಅಂಗೈಯಲ್ಲೇ ಹದಿನೆಂಟು ಗ್ರಾಂ ಎಂದರು,
ನಂಬದೆ ತೂಗಿದೆ, ಹದಿನೆಂಟು.
ಒಂದೊಂದನ್ನೂ ಮಗ್ಗುಲಾಗಿ ಮಲಗಿಸಿದರು,
ಗುಂಡಗಿನದಕ್ಕೆ ಮಗ್ಗುಲೆಲ್ಲಿ ಎಂದು ನಾನು ಕೇಳಲಿಲ್ಲ.
ತಿನ್ನಿ ಎಂದರೆ, ಸಕ್ಕರೆ ಕಾಯಿಲೆ ಎಂದರು,
ಆಮೇಲೆ ನಾನು ತಿರುಗಿದಾಗ ಬೆರಳು ನೆಕ್ಕಿ,
ಎದ್ದು ಹೋಗಿ, ಮತ್ತೆ ಕೈ ತೊಳೆದು ಬಂದರು.

ನೂರ ಹತ್ತೊಂಬತ್ತನೆಯದನ್ನು ಕೈಯಲ್ಲಾಡಿಸಿ ತಡೆದರು.
ತೂಕ ಇಲ್ಲ ಇದಕ್ಕೆ.
ಇಂಥವಕ್ಕೆ ನಾನು ಆಗಲ್ಲ,
ಬೆಚ್ಚಗಿರೋರ ಕೈಗೆ ಕೊಟ್ಟು ನಾನು ಆಚೆ ನಿಲ್ತಿದ್ದೆ.
ನನ್ನ ಅಂಗೈ ಬಿಡಿಸಿ ಇಟ್ಟರು,
ಬೆರಳುಗಳನ್ನು ಒಂದೊಂದಾಗಿ ಮಡಚಿದರು.
ಎಷ್ಟು ತಣ್ಣಗಿದ್ದವು ಅವರವು.

ಸಂದಿಯಿಂದ ಚಾಕಲೇಟು ಮಣಿಕಟ್ಟಿಗೆ ಇಳಿಯುವಾಗ
ಕರೆಂಟು ಬಂತು.
ಹಿಡ್ಕೊಂಡಿರು, ಎಂದರು ಲೂರ್ದಮ್ಮ,
ಬಾಗಿಲ ಹತ್ತಿರ ನಿಂತು,
ಇನ್ನೂ ಸ್ವಲ್ಪ ಹೊತ್ತು.